ಶಾಲೆಯ ಲೆಕ್ಕವು ಯಾರ ಕಡತದಲ್ಲಿದೆ?

ಗೃಹಕೃತ್ಯದ ಲೆಕ್ಕವನ್ನು ಬರೆದಿಡುವ ಅಭ್ಯಾಸವು ನಮ್ಮ ಕರಾವಳಿಯ ಮನೆಗಳಲ್ಲಿ ಹೊಸದಲ್ಲ. ಅಕ್ಕಿ, ಕಾಯಿ, ಹಾಲು, ಮೀನು, ಮಕ್ಕಳ ಪುಸ್ತಕ, ದೇವರ ಹರಕೆ, ಇವುಗಳಲ್ಲಿ ಯಾವುದಕ್ಕೆ ಎಷ್ಟು ಹೋಯಿತೆಂಬುದು ತಿಂಗಳ ಕೊನೆಗೆ ಯಜಮಾನರಿಗೆ ತಿಳಿಯದಿದ್ದರೂ ಯಜಮಾನಿತಿಗೆ ತಿಳಿದೇ ಇರುವುದು. ಆದರೆ ಅದೇ ಮನೆಯ ಮಗುವು ದಿನಕ್ಕೆ ಆರು ತಾಸುಗಳನ್ನು ಕಳೆಯುವ ಸರಕಾರಿ ಶಾಲೆಗೆ ವರ್ಷದಲ್ಲಿ ಎಷ್ಟು ಹಣ ಬರುತ್ತದೆ, ಅದು ಯಾವ ತಿಂಗಳಲ್ಲಿ ಬರುತ್ತದೆ, ಯಾವುದಕ್ಕೆ ವೆಚ್ಚವಾಗುತ್ತದೆ ಎಂದು ಕೇಳಿದರೆ ಉತ್ತರ ಹೇಳಬಲ್ಲ ಗೃಹಸ್ಥರು ದುರ್ಲಭ. ಗೃಹಸ್ಥರ ಮಾತು ಹಾಗಿರಲಿ. ಶಾಲೆಯ ಮುಖ್ಯೋಪಾಧ್ಯಾಯರು ಕೂಡ ಇದಕ್ಕೆ ಪೂರ್ಣವಾದ ಉತ್ತರವನ್ನು ಕೊಡಲಾರರು. ಇದು ಅವರ ಅಜ್ಞಾನವಲ್ಲ. ಶಾಲೆಯ ಲೆಕ್ಕವು ಶಾಲೆಯಲ್ಲಿಲ್ಲ. ಅದು ಐದಾರು ಕಛೇರಿಗಳಲ್ಲಿ ಹರಿದು ಹಂಚಿಹೋಗಿದೆ.

ನಾವು ಈ ಮಾತುಗಳನ್ನು ಬರೆಯುತ್ತಿರುವುದು ಕುಂದಾಪುರದ ಕೋಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಪಡುವಲಿಗೆ ಕಡಲು, ಮೂಡಲಿಗೆ ಪಂಚಗಂಗಾವಳಿಯ ಹಿನ್ನೀರು, ಬಡಗಲಿಗೆ ಅಳಿವೆ, ಅಳಿವೆಯಾಚೆ ಗಂಗೊಳ್ಳಿ. ಕೋಡಿಯೆಂದರೆ ತುದಿ, ತುಂಬಿದ ಕೆರೆಯ ನೀರು ಹೊರಬೀಳುವ ದಾರಿಗೂ ಅದೇ ಹೆಸರು. ಸಂಸ್ಕೃತದಲ್ಲಿ ‘ಕೋಟಿ’ ಎಂಬುದಕ್ಕೆ ಬಿಲ್ಲಿನ ತುದಿಯೆಂದೂ ನೂರು ಲಕ್ಷವೆಂದೂ ಎರಡು ಅರ್ಥಗಳುಂಟು. ಈ ಎರಡು ಶಬ್ದಗಳಿಗೆ ನಂಟುಂಟೆಂದು ನಾವು ಸಾಧಿಸಹೊರಟರೆ ಭಾಷಾಶಾಸ್ತ್ರಜ್ಞರು ನಮ್ಮನ್ನು ಸುಮ್ಮನೆ ಬಿಡರು. ಆದರೆ ಕೋಟಿಗಳ ಲೆಕ್ಕವು ದಿಲ್ಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ನಡೆದು, ಅದರ ಕೊನೆಯ ಹನಿ ಕೋಡಿಯಂಥ ಊರಿಗೆ ಬಂದು ಬೀಳುವಾಗ ಯಾವ ಯಾವ ಕೈಗಳನ್ನು ದಾಟಿರುತ್ತದೆಂಬುದನ್ನು ವಿಚಾರಿಸುವುದಕ್ಕೆ ಭಾಷಾಶಾಸ್ತ್ರದ ಅಪ್ಪಣೆ ಬೇಕಾಗಿಲ್ಲ.

ಹಂಚಿಕೆಯ ಲೆಕ್ಕವೆಂಬುದು ಈ ಊರಿನ ಜನಕ್ಕೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ರಂಪಣಿ ಬಲೆಯ ಕಾಲದಲ್ಲಿ ಹತ್ತಾರು ಮಂದಿ ಕೂಡಿ ಬಲೆಯೆಳೆದು, ಹೊಯ್ಗೆಯ ಮೇಲೆಯೇ ಮೀನು ಮಾರಿ, ಬಲೆಗಿಷ್ಟು, ದೋಣಿಗಿಷ್ಟು, ಆಳಿಗಿಷ್ಟು ಎಂದು ಪಾಲು ಹಾಕುತ್ತಿದ್ದರು. ೧೯೭೦ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಯು ಬಂದ ಬಳಿಕ ರಂಪಣಿಯು ಹಿಂದೆ ಸರಿಯಿತು; ಆದರೆ ಎಲ್ಲರ ಕಣ್ಣೆದುರಿನಲ್ಲಿ ಲೆಕ್ಕವಾಗಬೇಕೆಂಬ ಬುದ್ಧಿಯು ಹೋಗಿಲ್ಲ. ಓದು ಬರಹ ಬಾರದವರು ಕೂಡ ತಮ್ಮ ಪಾಲಿನಲ್ಲಿ ನಾಲ್ಕಾಣೆ ಕಡಮೆಯಾದರೆ ಅದನ್ನು ಗುರುತಿಸುತ್ತಿದ್ದರು. ಅಂಥವರ ಮೊಮ್ಮಕ್ಕಳೇ ಇಂದು ಶಾಲೆಯ ಸಮಿತಿಗಳಲ್ಲಿ ಸದಸ್ಯರು. ಶಾಲೆಯ ಲೆಕ್ಕವು ಅವರಿಗೆ ತಿಳಿಯದೆಂದು ಹೇಳುವವರನ್ನು ನಾವು ನಂಬುವುದಿಲ್ಲ.

ನಮ್ಮ ಜಿಲ್ಲೆಯ ಶಾಲೆಗಳ ಮಾಹಿತಿಯನ್ನು ಕಾಗದಕ್ಕಿಳಿಸುವ ಯತ್ನವು ಇನ್ನೂರು ವರ್ಷಗಳಿಗೂ ಹಿಂದಿನದು. ೧೮೨೨ರಲ್ಲಿ ಮದ್ರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ಸಾಹೇಬನು, ಪ್ರತಿಯೊಂದು ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ, ಅವುಗಳ ಪೋಷಣೆ ಹೇಗೆ ನಡೆಯುತ್ತದೆಂಬುದನ್ನು ಬರೆದು ಕಳುಹಿಸಬೇಕೆಂದು ಕಲೆಕ್ಟರರಿಗೆಲ್ಲ ಒಂದು ನಮೂನೆಯನ್ನು ಕಳುಹಿಸಿದನು. ಇತರ ಜಿಲ್ಲೆಗಳಿಂದ ಪಟ್ಟಿಗಳು ಬಂದವು. ೧೮೨೬ರಲ್ಲಿ ಮನ್ರೋ ಬರೆದ ಟಿಪ್ಪಣಿಯಲ್ಲಿ ಪ್ರಾಂತದ ಒಟ್ಟು ಶಾಲೆಗಳು ೧೨,೪೯೮ ಎಂದು ಕಾಣಿಸಿದೆ. ಆಗ ಕನ್ನಡ ಜಿಲ್ಲೆ ಎನಿಸಿದ್ದ ನಮ್ಮ ಕೆನರಾದ ಕಲೆಕ್ಟರನು ಮಾತ್ರ ನಮೂನೆಯನ್ನು ತುಂಬಲಿಲ್ಲ. ಇಲ್ಲಿ ವಿದ್ಯಾಭ್ಯಾಸವು ಮನೆಗಳಲ್ಲಿ ಖಾಸಗಿಯಾಗಿ ನಡೆಯುವುದರಿಂದ ಇದನ್ನು ತುಂಬಿಸುವುದಕ್ಕೆ ಬಹಳ ಕಾಲ ಹಿಡಿಯುವುದು, ಪ್ರಯೋಜನವಂತೂ ಇಲ್ಲ ಎಂಬುದು ಅವನ ಉತ್ತರದ ಸಾರ. ಮನ್ರೋ ಸ್ವತಃ ೧೭೯೯–೧೮೦೦ರಲ್ಲಿ ಇದೇ ಜಿಲ್ಲೆಯ ಕಲೆಕ್ಟರನಾಗಿದ್ದವನು. ಈ ಉತ್ತರವನ್ನೋದಿ ಅವನಿಗೆ ಏನೆನಿಸಿತೋ! ಐಗಳ ಮಠಗಳಲ್ಲಿ ಹೊಯ್ಗೆಯ ಮೇಲೆ ಅಕ್ಷರ ತಿದ್ದುತ್ತಿದ್ದ ನಮ್ಮ ಪೂರ್ವಿಕರ ಸಂಖ್ಯೆಯು ಹೀಗೆ ಸರಕಾರದ ಪಟ್ಟಿಗೆ ಬಾರದೆಯೇ ಉಳಿಯಿತು.

ಇಂದಿನ ಸ್ಥಿತಿಯು ಇದಕ್ಕೆ ವಿಪರೀತವಾದುದು. ೧೯೯೪–೯೫ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಅಂಗವಾಗಿ ‘ಡೈಸ್’ ಎಂಬ ಮಾಹಿತಿ ವ್ಯವಸ್ಥೆಯು ಆರಂಭವಾಯಿತು. ಸೆಪ್ಟೆಂಬರ ೩೦ನೆಯ ತಾರೀಖಿನಂದು ಶಾಲೆಯು ಹೇಗಿತ್ತೆಂಬುದನ್ನು ಕಾಗದದ ಮೇಲೆ ತುಂಬಿ ಕಳುಹಿಸುವುದು ಅದರ ಕ್ರಮ. ೨೦೧೨–೧೩ರಲ್ಲಿ ಪ್ರಾಥಮಿಕ ಪ್ರೌಢ ಶಾಲೆಗಳೆಲ್ಲ ಒಂದೇ ವ್ಯವಸ್ಥೆಯೊಳಕ್ಕೆ ಬಂದು ಅದು ‘ಯುಡೈಸ್’ ಆಯಿತು; ೨೦೧೮–೧೯ರಿಂದ ಕಾಗದ ಹೋಗಿ ಅಂತರ್ಜಾಲ ಬಂದು ‘ಯುಡೈಸ್ ಪ್ಲಸ್’ ಎನಿಸಿತು; ೨೦೨೨–೨೩ರಿಂದ ಒಂದೊಂದು ಮಗುವಿನ ವಿವರವೂ ಬೇರೆ ಬೇರೆಯಾಗಿ ದಾಖಲಾಗುತ್ತಿದೆ. ೨೦೨೩–೨೪ರ ವರದಿಯಲ್ಲಿ ದೇಶದ ಸುಮಾರು ೧೪ ಲಕ್ಷ ೭೦ ಸಾವಿರ ಶಾಲೆಗಳು, ಸುಮಾರು ೨೪ ಕೋಟಿ ೮೦ ಲಕ್ಷ ಮಕ್ಕಳು ಸೇರಿದ್ದಾರೆ. ಪ್ರತಿಯೊಂದು ಶಾಲೆಗೂ ಹನ್ನೊಂದು ಅಂಕೆಗಳ ಒಂದು ಸಂಖ್ಯೆಯುಂಟು: ಮೊದಲ ಎರಡು ರಾಜ್ಯಕ್ಕೆ, ಕರ್ನಾಟಕಕ್ಕೆ ಅದು ೨೯, ಮುಂದಿನವು ಜಿಲ್ಲೆಗೆ, ವಲಯಕ್ಕೆ, ಗ್ರಾಮಕ್ಕೆ, ಕೊನೆಯ ಎರಡು ಶಾಲೆಗೆ. ಇದಲ್ಲದೆ ನಮ್ಮ ರಾಜ್ಯದ ‘ಸ್ಯಾಟ್ಸ್’ ಎಂಬುದು ಮಕ್ಕಳ ಕಲಿಕೆಯ ದಾಖಲೆಯನ್ನಿಡುತ್ತದೆ. ಕಲೆಕ್ಟರನೊಬ್ಬನು ವ್ಯರ್ಥವೆಂದು ಬಿಟ್ಟ ಕೆಲಸವನ್ನು ಇಂದು ಮಾಸ್ತರರು ಕರವಾಣಿಯನ್ನು ಹಿಡಿದುಕೊಂಡು ಮಧ್ಯಾಹ್ನದ ವಿರಾಮದಲ್ಲಿ ಮಾಡಿ ಮುಗಿಸುತ್ತಾರೆ. ಸಂಗ್ರಹವು ಆಧುನಿಕವಾಗಿದೆಯೆಂಬುದರಲ್ಲಿ ಸಂಶಯವಿಲ್ಲ.

ಹಾಗಿದ್ದರೆ ಕೊರತೆಯೆಲ್ಲಿ? ಮಕ್ಕಳ ಲೆಕ್ಕಕ್ಕೆ ಹತ್ತಿದ ಈ ಬುದ್ಧಿಯು ಹಣದ ಲೆಕ್ಕಕ್ಕೆ ಹತ್ತಲಿಲ್ಲ. ಉಪಾಧ್ಯಾಯರ ವೇತನವು ಖಜಾನೆಯ ಮುಖಾಂತರ ಬರುತ್ತದೆ. ಅದರ ಬಿಲ್ಲು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಯಲ್ಲಿ ತಯಾರಾಗುವುದು. ಖಜಾನೆಯ ಭಾಷೆಯಲ್ಲಿ ೨೨೦೨ ಎಂಬುದು ಸಾಮಾನ್ಯ ಶಿಕ್ಷಣದ ಲೆಕ್ಕಶೀರ್ಷಿಕೆ. ಅದರಡಿಯಲ್ಲಿ ಒಂದು ತಾಲೂಕಿನ ಶಾಲೆಗಳ ವೇತನವೆಲ್ಲವೂ ಬೆರೆತುಹೋಗಿ, ಕೋಡಿಯ ಶಾಲೆಯೊಂದಕ್ಕೆ ಎಷ್ಟೆಂಬುದು ಕಾಣಿಸದು. ಶಾಲಾ ಅನುದಾನವು ಸಮಗ್ರ ಶಿಕ್ಷಣದಿಂದ. ಬಿಸಿಯೂಟದ ಲೆಕ್ಕವು ಅಕ್ಷರದಾಸೋಹದಲ್ಲಿ. ಪಠ್ಯಪುಸ್ತಕ, ಸಮವಸ್ತ್ರಗಳು ಹಣವಾಗಿ ಬಾರದೆ ವಸ್ತುವಾಗಿ ಬರುವುದರಿಂದ ಅವುಗಳ ಬೆಲೆಯನ್ನು ಶಾಲೆಯು ಅರಿಯದು. ಹೊಸ ಕೊಠಡಿಯಾದರೆ ಅದರ ಅಂದಾಜು, ಬಿಲ್ಲುಗಳು ಇಂಜಿನಿಯರರ ಕಛೇರಿಯಲ್ಲಿ. ಮುಖ್ಯೋಪಾಧ್ಯಾಯರಿಗೆ ಸಿಕ್ಕುವುದು ಕೊಠಡಿಯ ಬೀಗದ ಕೈ ಮಾತ್ರ. ಊರಿನವರ ದಾನವು ಸಮಿತಿಯ ರಶೀದಿ ಪುಸ್ತಕದಲ್ಲಿ. ಒಂದೊಂದು ಕಛೇರಿಗೂ ಒಂದೊಂದು ಗಣಕಯಂತ್ರ ವ್ಯವಸ್ಥೆ, ಒಂದೊಂದು ಗುಪ್ತಪದ. ಒಂದು ವ್ಯವಸ್ಥೆಯು ಮತ್ತೊಂದರೊಡನೆ ಮಾತನಾಡುವುದಿಲ್ಲ; ಮಕ್ಕಳ ಸಂಖ್ಯೆಯೆಂಬ ಒಂದೇ ಸಂಗತಿಯನ್ನು ಮಾಸ್ತರರು ಮೂರು ನಾಲ್ಕು ಕಡೆ ಮತ್ತೆ ಮತ್ತೆ ಬರೆಯುತ್ತಾರೆ.

‘ಕಡತ’ವೆಂಬ ಶಬ್ದವನ್ನು ಇಂದು ನಾವು ಕಛೇರಿಯ ಕಾಗದದ ಕಟ್ಟಿಗೆ ಬಳಸುತ್ತೇವೆ. ಮೂಲದಲ್ಲಿ ಅದು ಹುಣಿಸೆಬೀಜದ ಗೋಂದನ್ನೂ ಇದ್ದಲಿನ ಮಸಿಯನ್ನೂ ಬಟ್ಟೆಗೆ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಉದ್ದನೆಯ ಲೆಕ್ಕದ ಪುಸ್ತಕ. ಮಠ, ದೇವಸ್ಥಾನ, ಅಂಗಡಿಗಳಲ್ಲೆಲ್ಲ ಅದರ ಬಳಕೆಯಿತ್ತು. ಅದರ ಗುಣವೇನೆಂದರೆ, ಬಿಡಿಸಿ ಹಾಸಿದೊಡನೆ ವರ್ಷದ ಜಮಾ ಖರ್ಚೆಲ್ಲವೂ ಒಂದೇ ಪಟ್ಟಿಯಾಗಿ ಕಣ್ಣ ಮುಂದೆ ಬೀಳುವುದು. ಶಾಲೆಗೆ ಅಂಥ ಒಂದು ಕಡತವಿದ್ದರೆ ಅದರಲ್ಲಿ ಏನು ಕಾಣಿಸೀತು? ಒಂದು ಊಹೆಯ ಶಾಲೆಯನ್ನಿಟ್ಟುಕೊಂಡು ನೋಡೋಣ. ಇದು ಯಾವ ನಿಜವಾದ ಶಾಲೆಯ ಲೆಕ್ಕವೂ ಅಲ್ಲ.

ಒಂದರಿಂದ ಏಳನೆಯ ತರಗತಿಯವರೆಗೆ ೯೦ ಮಕ್ಕಳು. ಅವರಲ್ಲಿ ಐದನೆಯವರೆಗೆ ೬೦ ಮಂದಿ, ಆರು ಏಳರಲ್ಲಿ ೩೦ ಮಂದಿ. ಉಪಾಧ್ಯಾಯರು ನಾಲ್ವರು. ಒಬ್ಬೊಬ್ಬರ ವೇತನವನ್ನು ತಿಂಗಳಿಗೆ ೬೦,೦೦೦ ರೂಪಾಯಿಯೆಂದು ಹಿಡಿದರೆ ವರ್ಷಕ್ಕೆ ೨೮,೮೦,೦೦೦ ರೂಪಾಯಿ. ಬಿಸಿಯೂಟದ ಸಾಮಗ್ರಿಗೆ ೨೦೨೫ರ ಮೇ ತಿಂಗಳಿಂದ ಕೇಂದ್ರವು ನಿಗದಿಮಾಡಿದ ದರವು ಕಿರಿಯರಿಗೆ ದಿನಕ್ಕೆ ೬ ರೂಪಾಯಿ ೭೮ ಪೈಸೆ, ಆರನೆಯ ತರಗತಿಯಿಂದ ಮೇಲಿನವರಿಗೆ ೧೦ ರೂಪಾಯಿ ೧೭ ಪೈಸೆ. ೨೨೦ ದಿನಗಳಿಗೆ ಇದು ೧,೫೬,೬೧೮ ರೂಪಾಯಿಯಾಗುವುದು. ದಿನಕ್ಕೆ ಹತ್ತೂವರೆ ಕಿಲೋ ಅಕ್ಕಿ ಬೇರೆ. ಸಮಗ್ರ ಶಿಕ್ಷಣದ ಶಾಲಾ ಅನುದಾನವು ೩೧ರಿಂದ ೧೦೦ ಮಕ್ಕಳಿರುವ ಶಾಲೆಗೆ ವರ್ಷಕ್ಕೆ ೨೫,೦೦೦ ರೂಪಾಯಿ; ಅದರಲ್ಲಿ ಹತ್ತನೆಯ ಒಂದಂಶವಾದರೂ ಸ್ವಚ್ಛತೆಗೆ ಹೋಗಬೇಕು. ಈ ಮೂರನ್ನು ಕೂಡಿಸಿದರೆ ೩೦,೬೧,೬೧೮ ರೂಪಾಯಿ. ಅಕ್ಕಿ, ಪುಸ್ತಕ, ಬಟ್ಟೆ, ಅಡುಗೆಯವರ ಸಂಭಾವನೆ, ಕಟ್ಟಡ ಇವುಗಳನ್ನು ಬಿಟ್ಟು ಕೂಡ ಮಗುವೊಂದಕ್ಕೆ ವರ್ಷಕ್ಕೆ ಸುಮಾರು ೩೪,೦೦೦ ರೂಪಾಯಿ.

ಈ ಮೊತ್ತವನ್ನು ಕೇಳಿದ ಗೃಹಸ್ಥರು ಆಶ್ಚರ್ಯಪಡುವರು. ಸರಕಾರಿ ಶಾಲೆಯೆಂದರೆ ಪುಕ್ಕಟೆಯ ಶಾಲೆ, ಪುಕ್ಕಟೆಯಾದುದಕ್ಕೆ ಬೆಲೆಯಿಲ್ಲ ಎಂಬ ಭಾವನೆಯಿಂದ ಎಷ್ಟೋ ಮಂದಿ ಸಾಲ ಮಾಡಿ ಮಗುವನ್ನು ಹಳದಿ ಬಸ್ಸಿನಲ್ಲಿ ದೂರದ ಇಂಗ್ಲಿಷ್ ಶಾಲೆಗೆ ಕಳುಹಿಸುತ್ತಿದ್ದಾರೆ. ಅಲ್ಲಿ ತಾವು ಕೊಡುವ ಶುಲ್ಕವು ರಶೀದಿಯಲ್ಲಿ ಕಾಣಿಸುವುದರಿಂದ, ಕೊಟ್ಟ ಹಣಕ್ಕೆ ತಕ್ಕ ವಿದ್ಯೆ ಎಲ್ಲಿ ಎಂದು ಕೇಳುವ ಧೈರ್ಯವೂ ಬರುತ್ತದೆ. ಇಲ್ಲಿ ಅದಕ್ಕೆ ಸಮನಾದ ಹಣವನ್ನು ತೆರಿಗೆಯ ರೂಪದಲ್ಲಿ ತಾವೇ ಕೊಟ್ಟಿದ್ದರೂ ಕಾಣದಿರುವುದರಿಂದ ಕೇಳುವವರಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಊರಿನ ಸಮಿತಿಯು ಕುಳಿತು ಚರ್ಚಿಸಿ ಠರಾವು ಮಾಡುವುದು ಆ ೨೫,೦೦೦ ರೂಪಾಯಿಯನ್ನು ಮಾತ್ರ. ಅಂದರೆ ನೂರು ರೂಪಾಯಿಯಲ್ಲಿ ೮೨ ಪೈಸೆ! ಸುಣ್ಣ, ಸೀಮೆಸುಣ್ಣ, ಪೊರಕೆ, ವಿದ್ಯುತ್ತಿನ ಬಿಲ್ಲುಗಳ ವಿಷಯದಲ್ಲಿ ಎರಡು ತಾಸು ವಾದ ನಡೆದು, ಉಳಿದ ತೊಂಬತ್ತೊಂಬತ್ತು ರೂಪಾಯಿಯ ಮಾತು ಯಾರ ಬಾಯಿಂದಲೂ ಹೊರಡದು.

ಕಾನೂನಿನ ಉದ್ದೇಶವು ಹೀಗಿರಲಿಲ್ಲ. ನಮ್ಮ ರಾಜ್ಯದಲ್ಲಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ ೨೦೦೧ರಲ್ಲಿಯೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹುಟ್ಟಿದವು. ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾನೂನಿನ ೨೧ನೆಯ ಕಲಮಿನಂತೆ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳಿರಬೇಕು, ಅರ್ಧದಷ್ಟು ಸ್ತ್ರೀಯರಿರಬೇಕು. ಸರಕಾರದಿಂದಾಗಲಿ, ಸ್ಥಳೀಯ ಸಂಸ್ಥೆಯಿಂದಾಗಲಿ, ಬೇರೆ ಯಾವ ಮೂಲದಿಂದಾಗಲಿ ಬಂದ ಅನುದಾನದ ಬಳಕೆಯನ್ನು ಅವರು ನೋಡಿಕೊಳ್ಳಬೇಕು. ಮೇಲುಸ್ತುವಾರಿಯೆಂಬ ಹೆಸರೇನೋ ದೊಡ್ಡದು. ನೋಡುವುದಕ್ಕೆ ಪುಸ್ತಕವನ್ನೇ ಕೊಡದೆ ನೋಡಿರೆಂದರೆ ಯಾರು ತಾನೆ ನೋಡಿಯಾರು?

ಮೊತ್ತಕ್ಕಿಂತಲೂ ತಾರೀಖು ಮುಖ್ಯವಾದ ಸಂದರ್ಭಗಳುಂಟು. ಕರಾವಳಿಯಲ್ಲಿ ಇದು ಹೆಚ್ಚು ನಿಜ. ನಮ್ಮ ಹಳೆಯ ಶಾಲೆಗಳ ಮಾಡಿಗೆ ಹೊದಿಸಿರುವುದು ಮಂಗಳೂರು ಹೆಂಚು. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಸೆಪ್ಟೆಂಬರಿನ ತನಕ ಮಾಡಿನ ಮೇಲೆ ಕಾಲಿಡುವಂತಿಲ್ಲ. ಒಡೆದ ಹೆಂಚನ್ನು ಬದಲಿಸುವುದು, ಗೆದ್ದಲು ಹಿಡಿದ ಪಕಾಸನ್ನು ತೆಗೆಯುವುದು, ಇವೆಲ್ಲ ಏಪ್ರಿಲ್ ಮೇ ತಿಂಗಳುಗಳಲ್ಲಿಯೇ ಆಗಬೇಕು. ಕಡಲದಂಡೆಯಲ್ಲಾದರೋ ಉಪ್ಪುಗಾಳಿಗೆ ಕಿಟಕಿಯ ಸರಳು, ಬಾಗಿಲ ತಿರುಗಣಿಗಳೆಲ್ಲ ವರ್ಷ ವರ್ಷವೂ ತುಕ್ಕು ಹಿಡಿಯುತ್ತವೆ. ಆದರೆ ಸರಕಾರದ ವರ್ಷವು ಏಪ್ರಿಲಿನಲ್ಲಿ ಹುಟ್ಟುತ್ತದೆ. ಮಂಜೂರಾತಿ, ಹಂಚಿಕೆ, ಆದೇಶಗಳೆಂಬ ಸಂಸ್ಕಾರಗಳನ್ನೆಲ್ಲ ಮುಗಿಸಿಕೊಂಡು ಹಣವು ಶಾಲೆಗೆ ತಲಪುವಾಗ ವರ್ಷದ ಉತ್ತರಾರ್ಧ. ದಿಲ್ಲಿಯ ನೀತಿ ಸಂಶೋಧನಾ ಕೇಂದ್ರದವರು ‘ಪೈಸಾ’ ಎಂಬ ಹೆಸರಿನಲ್ಲಿ ೨೦೦೯ರಿಂದ ಕೆಲವು ವರ್ಷ ಊರೂರು ಸುತ್ತಿ ನಡೆಸಿದ ಪರೀಕ್ಷೆಯಲ್ಲಿಯೂ ಈ ವಿಳಂಬವೇ ಕಂಡುಬಂದಿತು. ಮಾರ್ಚ್ ೩೧ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರವನ್ನು ಕಳುಹಿಸಬೇಕೆಂಬ ಕಟ್ಟಳೆಯಿರುವುದರಿಂದ, ಮಾಡು ಸೋರುತ್ತಿರುವ ಶಾಲೆಯು ಫೆಬ್ರವರಿಯಲ್ಲಿ ಬಣ್ಣ ಕೊಳ್ಳುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ, ಓಚರು ಸರಿಯಾಗಿದೆ, ಮಾಡು ಮಾತ್ರ ಹಾಗೆಯೇ ಇದೆ. ನಾವು ನೌಕರಿಯಲ್ಲಿದ್ದ ದಿನಗಳಲ್ಲಿ ನಗದು ಪುಸ್ತಕದಲ್ಲಿ ಹಣ ಬಂದ ತಾರೀಖನ್ನು ಕೆಂಪು ಮಸಿಯಲ್ಲಿ ಬರೆಯುವ ಪದ್ಧತಿಯನ್ನಿಟ್ಟುಕೊಂಡಿದ್ದೆವು. ತಪಾಸಣೆಗೆ ಬಂದವರು ಮೊತ್ತವನ್ನು ಕೂಡಿಸಿ ನೋಡುತ್ತಿದ್ದರೇ ಹೊರತು ಆ ಕೆಂಪು ಅಕ್ಷರದ ಕಾರಣವನ್ನು ಒಬ್ಬರೂ ಕೇಳಲಿಲ್ಲ.

೨೦೨೧ರ ಜುಲೈ ೧ರಿಂದ ಕೇಂದ್ರ ಪುರಸ್ಕೃತ ಯೋಜನೆಗಳಿಗೆಲ್ಲ ಒಂದು ಹೊಸ ಕ್ರಮವು ಬಂದಿತು. ರಾಜ್ಯದಲ್ಲಿ ಒಂದು ಯೋಜನೆಗೆ ಒಂದೇ ಮುಖ್ಯ ಖಾತೆ. ಕೆಳಗಿನವರದೆಲ್ಲ ಶೂನ್ಯ ಶಿಲ್ಕಿನ ಖಾತೆಗಳು. ಹಿಂದಿನಂತೆ ಹಣವು ಶಾಲೆಯ ಖಾತೆಗೆ ಬಂದು ಕುಳಿತಿರುವುದಿಲ್ಲ. ಇಷ್ಟರವರೆಗೆ ಖರ್ಚು ಮಾಡಬಹುದೆಂಬ ಮಿತಿಯು ಮಾತ್ರ ಕಾಣಿಸುವುದು, ಬಿಲ್ಲು ಪಾವತಿಯಾಗುವಾಗ ಮುಖ್ಯ ಖಾತೆಯಿಂದ ಹಣ ಹೊರಡುವುದು. ಇದಕ್ಕೆ ಕಾರಣವಿಲ್ಲದೆ ಇಲ್ಲ. ಶಿಕ್ಷಣ ಹಕ್ಕಿನ ಕಾನೂನಿನ ಜಾರಿಯನ್ನು ಕುರಿತು ೨೦೧೭ರಲ್ಲಿ ಹೊರಬಂದ ಮಹಾಲೇಖಪಾಲರ ವರದಿಯಂತೆ, ೨೦೧೦–೧೧ರಿಂದ ೨೦೧೫–೧೬ರ ತನಕ ಪ್ರತಿವರ್ಷವೂ ರಾಜ್ಯಗಳ ಕೈಯಲ್ಲಿ ಖರ್ಚಾಗದೆ ಉಳಿದ ಹಣವು ೧೨,೦೦೦ ಕೋಟಿ ರೂಪಾಯಿಗೆ ಮಿಕ್ಕಿತ್ತು. ಅಲ್ಲಲ್ಲಿ ನಿಂತ ನೀರನ್ನು ಒಂದೇ ಕೆರೆಗೆ ತಿರುಗಿಸಿದುದು ಖಜಾನೆಯ ದೃಷ್ಟಿಯಿಂದ ಯುಕ್ತವೇ ಸರಿ. ದಿಲ್ಲಿಯಲ್ಲಿ ಕುಳಿತವರಿಗೆ ಈಗ ಪ್ರತಿಯೊಂದು ಪಾವತಿಯೂ ಕಾಣುವುದು. ಕೋಡಿಯಲ್ಲಿ ಕುಳಿತವರಿಗೆ ಮಾತ್ರ, ಹಿಂದೆ ಬ್ಯಾಂಕಿನ ಪಾಸುಪುಸ್ತಕವನ್ನು ತಿರುವಿ ನೋಡಿದರೆ ತಿಳಿಯುತ್ತಿದ್ದ ಶಿಲ್ಕು ಕೂಡ ಈಗ ಸೊನ್ನೆಯಾಗಿ ಕಾಣಿಸುತ್ತದೆ. ಮೇಲಿನವರ ಕಣ್ಣು ಚುರುಕಾದಷ್ಟೂ ಕೆಳಗಿನವರ ಕಣ್ಣು ಮಂಜಾದುದು ಈ ಸುಧಾರಣೆಯ ವಿಚಿತ್ರ.

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅಕ್ಷಪಟಲವೆಂಬ ಲೆಕ್ಕದ ಕಛೇರಿಯ ವಿಧಿಗಳಿವೆ. ಆಷಾಢ ಮಾಸದಲ್ಲಿ ಎಲ್ಲ ಗಣಕರೂ ಮುದ್ರೆಯೊತ್ತಿದ ಪುಸ್ತಕಗಳನ್ನೂ ಉಳಿಕೆಯ ಧನವನ್ನೂ ತೆಗೆದುಕೊಂಡು ರಾಜಧಾನಿಗೆ ಬರಬೇಕು. ಆಯ, ವ್ಯಯ, ನೀವಿ ಎಂಬ ಮೂರನ್ನೂ ಒಪ್ಪಿಸಬೇಕು. ನೀವಿಯೆಂದರೆ ನಾವು ಶಿಲ್ಕು ಎನ್ನುವುದು. ಮುಂದಿನ ಅಧ್ಯಾಯದಲ್ಲಿ ರಾಜಧನವನ್ನು ನುಂಗುವ ನಲವತ್ತು ಉಪಾಯಗಳ ಪಟ್ಟಿಯೂ ಇದೆ. ಆ ಗ್ರಂಥಕಾರನ ಸೂಕ್ಷ್ಮದೃಷ್ಟಿಗೆ ನಮಸ್ಕಾರ. ಆದರೆ ಅಲ್ಲಿ ಲೆಕ್ಕದ ದಾರಿಯು ಒಂದೇ ಕಡೆಗೆ, ಗ್ರಾಮದಿಂದ ಅರಮನೆಗೆ. ನಮ್ಮ ಇಂದಿನ ಗಣಕಯಂತ್ರಗಳೂ ಅದೇ ದಾರಿಯನ್ನು ಹಿಡಿದಿವೆ. ಆಷಾಢಕ್ಕೆ ಬದಲಾಗಿ ಮಾರ್ಚ್, ಎತ್ತಿನ ಬಂಡಿಗೆ ಬದಲಾಗಿ ಅಂತರ್ಜಾಲ.

ಲೆಕ್ಕವನ್ನು ಕೆಳಕ್ಕೆ ತಿರುಗಿಸಿದವರು ಇಲ್ಲದಿಲ್ಲ. ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾಣಾ ಎಂಬಲ್ಲಿ ೧೯೯೪ರ ಡಿಸೆಂಬರಿನಲ್ಲಿ ಮಜದೂರ ಕಿಸಾನ ಶಕ್ತಿ ಸಂಘಟನೆಯವರು ಕೂಲಿಯ ಹಾಜರಿಪಟ್ಟಿಯನ್ನು ಜನರ ಮುಂದೆ ಗಟ್ಟಿಯಾಗಿ ಓದಿಸಿದರು. ಕೇಳುವವರಲ್ಲಿ ಅನೇಕರು ಅಕ್ಷರವರಿಯದವರು. ಆದರೆ ತಮ್ಮ ಹೆಸರು, ತಮ್ಮ ಕೂಲಿ ಯಾರಿಗೆ ತಾನೆ ತಿಳಿಯದು? ಆ ಚಳುವಳಿಯೂ ೨೦೦೫ರ ಮಾಹಿತಿ ಹಕ್ಕಿನ ಕಾನೂನಿಗೆ ಒಂದು ಬೇರು. ಆಫ್ರಿಕದ ಉಗಾಂಡದಲ್ಲಿ ೧೯೯೧ರಿಂದ ೧೯೯೫ರ ತನಕ ಮಕ್ಕಳ ತಲೆಯೆಣಿಕೆಯಂತೆ ಶಾಲೆಗಳಿಗೆ ಕಳುಹಿಸಿದ ಅನುದಾನದಲ್ಲಿ ನೂರಕ್ಕೆ ಹದಿಮೂರು ಮಾತ್ರ ಶಾಲೆಗೆ ಮುಟ್ಟಿತ್ತೆಂದು ಪರೀಕ್ಷೆಯಿಂದ ತಿಳಿದುಬಂದಿತು. ಬಳಿಕ ಸರಕಾರವು ಬಿಡುಗಡೆಯಾದ ಹಣದ ವಿವರವನ್ನು ವೃತ್ತಪತ್ರಿಕೆಗಳಲ್ಲಿ ಪ್ರಕಟಿಸಿತು, ಶಾಲೆಯ ಬಾಗಿಲಿಗೂ ಅಂಟಿಸಿತು. ೨೦೦೧ರ ಹೊತ್ತಿಗೆ ಮುಟ್ಟುವ ಪಾಲು ಎಂಬತ್ತನ್ನು ದಾಟಿತು. ಇದೆಲ್ಲ ಪತ್ರಿಕೆಯ ಪ್ರಭಾವದಿಂದಲೇ ಆಯಿತೆಂಬುದನ್ನು ಕೆಲವು ವಿದ್ವಾಂಸರು ಒಪ್ಪುವುದಿಲ್ಲ. ಬೇರೆ ಸುಧಾರಣೆಗಳೂ ಅದೇ ಕಾಲಕ್ಕೆ ನಡೆದಿದ್ದವು. ಬಾಗಿಲಿಗೆ ಕಾಗದವಂಟಿಸಿದುದರಿಂದ ಕೆಡುಕಾಯಿತೆಂದು ಮಾತ್ರ ಯಾರೂ ಹೇಳಿಲ್ಲ. ಅಮೇರಿಕದಲ್ಲಿ ೨೦೧೫ರ ಶಿಕ್ಷಣ ಕಾನೂನು, ಪ್ರತಿಯೊಂದು ಶಾಲೆಯಲ್ಲಿ ಮಗುವೊಂದಕ್ಕೆ ತಗಲುವ ವೆಚ್ಚವನ್ನು ನಿಜವಾದ ವೇತನವನ್ನೂ ಸೇರಿಸಿ, ಹಣದ ಮೂಲವನ್ನೂ ತೋರಿಸಿ ಪ್ರಕಟಿಸಬೇಕೆಂದು ಕಡ್ಡಾಯ ಮಾಡಿದೆ. ಅಲ್ಲಿಯೂ ಅದಕ್ಕೆ ಮೊದಲು ಜಿಲ್ಲೆಯ ಒಟ್ಟು ಲೆಕ್ಕದಲ್ಲಿ ಶಾಲೆಯು ಮುಳುಗಿಹೋಗುತ್ತಿತ್ತು.

ನಮ್ಮಲ್ಲಿ ಇದಕ್ಕೆ ಹೊಸ ಯಂತ್ರವೇನೂ 
ಬೇಕಾಗಿಲ್ಲ. ಶಾಲೆಗೆ ಆಗಲೇ ಇರುವ ಹನ್ನೊಂದಂಕೆಯ ಸಂಖ್ಯೆಯನ್ನು ವೇತನದ ಬಿಲ್ಲಿನ ಮೇಲೆ, ಇಂಜಿನಿಯರರ ಅಂದಾಜುಪಟ್ಟಿಯ ಮೇಲೆ, ಅಕ್ಕಿಯ ಚೀಲದ ಬೇಡಿಕೆಯ ಮೇಲೆ, ಪುಸ್ತಕದ ಕಟ್ಟಿನ ರವಾನೆಯ ಮೇಲೆ ಕಡ್ಡಾಯವಾಗಿ ಬರೆಯಿಸಿದರೆ ಸಾಕು; ಕೂಡಿಸುವ ಕೆಲಸವನ್ನು ಯಂತ್ರವೇ ಮಾಡುವುದು. ಹಾಗೆ ಕೂಡಿಸಿದುದನ್ನು ವರ್ಷಕ್ಕೆರಡು ಸಲ, ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ ಮುದ್ರಿಸಿ ಶಾಲೆಗೆ ಕಳುಹಿಸಬೇಕು. ಹಾಳೆಯಲ್ಲಿ ಮಂಜೂರಾದ ದಿನ, ಕೈಸೇರಿದ ದಿನ, ಮೊತ್ತ, ಖರ್ಚು, ಶಿಲ್ಕು ಇವಿಷ್ಟಿದ್ದರೆ ತೀರಿತು. ವೇತನವನ್ನು ಒಟ್ಟಾಗಿ ತೋರಿಸಿದರಾಯಿತು. ಯಾವ ಮಾಸ್ತರರಿಗೆ ಎಷ್ಟೆಂದು ಗೋಡೆಯ ಮೇಲೆ ಬರೆಯುವುದು ಅಸಭ್ಯ, ಮಕ್ಕಳ ಹೆಸರನ್ನಂತೂ ಬರೆಯಲೇಬಾರದು. ಸ್ವಾತಂತ್ರ್ಯದ ದಿನ ಧ್ವಜವನ್ನೇರಿಸಿ ಸಿಹಿ ಹಂಚುವುದಕ್ಕೆ ಮುಂಚೆ ಇದನ್ನು ಗಟ್ಟಿಯಾಗಿ ಓದಿದರೆ ಹತ್ತು ನಿಮಿಷ ಹಿಡಿದೀತು. ಆ ದಿನದ ಭಾಷಣಗಳು ಅದಕ್ಕಿಂತ ದೀರ್ಘವಾಗಿರುವುದನ್ನು ನಾವು ಕಂಡಿದ್ದೇವೆ, ಕೆಲವನ್ನು ಮಾಡಿಯೂ ಇದ್ದೇವೆ.

ಇದರಿಂದ ಮುಖ್ಯೋಪಾಧ್ಯಾಯರ ಕೆಲಸ ಹೆಚ್ಚುವುದಿಲ್ಲವೇ ಎಂದು ಕೇಳಬಹುದು. ಚಿಕ್ಕ ಶಾಲೆಗಳಲ್ಲಿ ಗುಮಾಸ್ತರಿಲ್ಲ; ಗಣಿತ ಕಲಿಸುವವರೇ ಲೆಕ್ಕ ಬರೆಯುವವರು, ಅವರೇ ಮೊಟ್ಟೆಯೆಣಿಸುವವರು. ಅದಕ್ಕಾಗಿಯೇ ಶಾಲೆಯವರು ತುಂಬಬೇಕಾದ ಹೊಸ ನಮೂನೆಯೊಂದನ್ನು ನಾವು ಸೂಚಿಸುತ್ತಿಲ್ಲ. ಆಯಾ ಕಛೇರಿಯಲ್ಲಿರುವ ಅಂಕೆಯನ್ನು ಆಯಾ ಕಛೇರಿಯೇ ಶಾಲೆಯ ಸಂಖ್ಯೆಯ ಕೆಳಗೆ ಬರೆಯಬೇಕೆಂಬುದಷ್ಟೇ ನಮ್ಮ ಮಾತು. ಮಾಸ್ತರರು ಬರೆಯಬೇಕಾದುದು ಒಂದನ್ನು ಮಾತ್ರ: ಊರಿನವರ ದಾನ.

ಈ ದಾನದ ಅಂಕಣವು ನಮ್ಮ ಸೀಮೆಯಲ್ಲಿ ಸಾಮಾನ್ಯವಾದುದಲ್ಲ. ಮುಂಬಯಿ ಬೆಂಗಳೂರುಗಳಲ್ಲಿ ಹೋಟೆಲು ನಡೆಸುವವರು, ಕೊಲ್ಲಿ ದೇಶಗಳಲ್ಲಿ ದುಡಿಯುವವರು, ಹಳೆ ವಿದ್ಯಾರ್ಥಿ ಸಂಘದವರು ಕರಾವಳಿಯ ಎಷ್ಟೋ ಸರಕಾರಿ ಶಾಲೆಗಳನ್ನು ಹಿಡಿದೆತ್ತಿದ್ದಾರೆ. ಕೊಠಡಿ, ಕೊಳವೆಬಾವಿ, ಮೇಜುಗಳಷ್ಟೇ ಅಲ್ಲ. ಮಕ್ಕಳನ್ನು ಕರೆತರುವ ವಾಹನದ ಎಣ್ಣೆ, ಪುಟ್ಟ ಮಕ್ಕಳ ತರಗತಿಯ ಗೌರವ ಶಿಕ್ಷಕಿಯ ತಿಂಗಳ ಸಂಬಳ, ಇವು ಕೂಡ ಅಂಥವರಿಂದಲೇ ನಡೆಯುವ ಶಾಲೆಗಳುಂಟು. ಕೊಡುವವರ ಔದಾರ್ಯ ದೊಡ್ಡದು. ಆದರೆ ಈ ಹಣವು ಸರಕಾರದ ಲೆಕ್ಕದೊಳಗೆ ಸರಿಯಾಗಿ ಕಾಣದಿರುವುದರಿಂದ, ಖಾಲಿ ಬಿದ್ದಿರುವ ಉಪಾಧ್ಯಾಯರ ಸ್ಥಾನವೊಂದು ಖಾಲಿಯೆಂದೇ ತೋರದೆ ಹೋಗುವುದು. ಶಾಲೆಯು ನಡೆಯುತ್ತಿದೆಯಲ್ಲ ಎಂದು ಮೇಲಿನವರು ಸುಮ್ಮನಿರುವರು. ದಾನಿಯು ಒಂದು ವರ್ಷ ಕೈಬಿಟ್ಟರೆ ಆ ತರಗತಿಯೇ ನಿಂತುಹೋಗುವುದು. ಸರಕಾರವು ಕೊಡಬೇಕಾಗಿದ್ದು ಕೊಡದೆ ಉಳಿಸಿದುದೆಷ್ಟು, ಊರು ತುಂಬಿದುದೆಷ್ಟು ಎಂಬುದು ಒಂದರ ಪಕ್ಕದಲ್ಲಿ ಇನ್ನೊಂದು ಬರೆದು ತೋರಬೇಕಾದ ಅಂಕೆಗಳು.

ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಈ ಲೇಖನದಿಂದಲೇ ಅನರ್ಥವಾದೀತು. ಮಗುವೊಂದಕ್ಕೆ ಇಷ್ಟು ವೆಚ್ಚವೆಂಬ ಅಂಕೆಯು ಎರಡಲಗಿನ ಕತ್ತಿ. ೧೫ ಮಕ್ಕಳು, ಇಬ್ಬರು ಉಪಾಧ್ಯಾಯರಿರುವ ಶಾಲೆಯಲ್ಲಿ, ಹಿಂದಿನ ವೇತನದ ಲೆಕ್ಕವನ್ನೇ ಹಿಡಿದರೆ ಮಗುವೊಂದಕ್ಕೆ ೯೬,೦೦೦ ರೂಪಾಯಿಯಾಯಿತು. ಅಂಕೆಯನ್ನು ಮಾತ್ರ ನೋಡುವ ಅಧಿಕಾರಿಯು ಈ ಶಾಲೆಯನ್ನು ಮುಚ್ಚಿ ಹತ್ತಿರದ್ದಕ್ಕೆ ಸೇರಿಸಿದರೆ ಲಾಭವೆಂದು ಬರೆದಾನು. ಹತ್ತಿರವೆಂದರೇನು? ನಕ್ಷೆಯಲ್ಲಿ ಕೋಡಿಗೂ ಗಂಗೊಳ್ಳಿಗೂ ನಡುವೆ ಅಳಿವೆಯೊಂದೇ ಅಡ್ಡ, ಈ ದಡದ ದೀಪ ಆ ದಡಕ್ಕೆ ಕಾಣುವುದು. ರಸ್ತೆಯ ಮೇಲೆ ಹೋಗಬೇಕಾದರೆ ನದಿಗಳನ್ನೆಲ್ಲ ಸುತ್ತಿ ಹಲವು ಮೈಲಿ. ಕಿರಿಯ ಮಕ್ಕಳಿಗೆ ಒಂದು ಕಿಲೋಮೀಟರಿನೊಳಗೆ ಶಾಲೆಯಿರಬೇಕೆಂಬ ನಿಯಮವನ್ನು ಅಳೆಯುವುದು ಹಕ್ಕಿಯ ದಾರಿಯಿಂದಲೋ ಮಗುವಿನ ದಾರಿಯಿಂದಲೋ? ಆದುದರಿಂದ ವೆಚ್ಚದ ಅಂಕೆಯ ಪಕ್ಕದಲ್ಲಿಯೇ ಮುಂದಿನ ಶಾಲೆಗೆ ನಡೆದು ಹೋಗುವ ದೂರವನ್ನೂ, ಮಳೆಗಾಲದಲ್ಲಿ ಆ ದಾರಿಯು ತೆರೆದಿರುವುದೇ ಎಂಬುದನ್ನೂ ಬರೆಯಬೇಕೆಂದು ನಾವು ಒತ್ತಿ ಹೇಳುತ್ತೇವೆ. ಇದನ್ನು ಬರೆಯದ ಲೆಕ್ಕಕ್ಕಿಂತ ಲೆಕ್ಕವಿಲ್ಲದಿರುವುದೇ ಮೇಲು.

ಸರಕಾರವು ಈ ಹಾಳೆಯನ್ನು ಕಳುಹಿಸುವ ತನಕ ಕಾಯಬೇಕಾದ ಅಗತ್ಯವೂ ಇಲ್ಲ. ಸಮಿತಿಯಲ್ಲಿರುವ ತಾಯಂದಿರು ತಮ್ಮ ಶಾಲೆಯ ನಗದು ಪುಸ್ತಕವನ್ನು ಸಭೆಯಲ್ಲಿ ಕೇಳಿ ನೋಡಬಹುದು. ಮನೆಯ ಜಮಾ ಖರ್ಚನ್ನು ಬಲ್ಲವರಿಗೆ ಅದರಲ್ಲಿ ಕಠಿಣವಾದುದು ಒಂದೂ ಇಲ್ಲ. ಶಾಲೆಯಲ್ಲಿಲ್ಲದ ಲೆಕ್ಕಗಳಿಗೆ ಮಾಹಿತಿ ಹಕ್ಕಿನ ಅರ್ಜಿಯುಂಟು. ಶುಲ್ಕವು ೧೦ ರೂಪಾಯಿ, ಬಡತನದ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಉತ್ತರಕ್ಕೆ ಗಡುವು ೩೦ ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ೧೫೦ ಶಬ್ದಗಳನ್ನು ಮೀರಬಾರದು. ಪ್ರಬಂಧ ತಿದ್ದಿ ತಿದ್ದಿ ಬೇಸತ್ತ ಯಾರೋ ಉಪಾಧ್ಯಾಯರೇ ಈ ನಿಯಮವನ್ನು ಮಾಡಿರಬೇಕೆಂದು ನಮಗೆ ತೋರುತ್ತದೆ. ಇಂಥ ಸಂಖ್ಯೆಯ ನಮ್ಮ ಶಾಲೆಗೆ ಕಳೆದ ಮೂರು ಹಣಕಾಸು ವರ್ಷಗಳಲ್ಲಿ ಮಂಜೂರಾದ ಶಾಲಾ ಅನುದಾನವೆಷ್ಟು, ಪ್ರತಿಯೊಂದು ಕಂತಿನ ಖರ್ಚಿನ ಮಿತಿಯು ಶಾಲೆಯ ಖಾತೆಯಲ್ಲಿ ಕಾಣಿಸಿಕೊಂಡ ತಾರೀಖು ಯಾವುದು, ಮಾರ್ಚ್ ೩೧ಕ್ಕೆ ಖರ್ಚಾಗದೆ ಹಿಂದಿರುಗಿದುದೆಷ್ಟು ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಯ ಮಾಹಿತಿ ಅಧಿಕಾರಿಗೆ ಬರೆದರೆ, ವಿಳಾಸವೂ ಸೇರಿ ಅರವತ್ತು ಶಬ್ದಗಳಿಗೆ ಹೆಚ್ಚಾಗದು. ಡಿಸೆಂಬರಿನಲ್ಲಿ ಬರೆದರೆ ಉತ್ತರವು ಜನವರಿಯಲ್ಲಿ ಬರುವುದು. ಹೆಂಚು ತೆಗೆಯುವವರನ್ನು ಗೊತ್ತುಮಾಡಿಕೊಳ್ಳುವುದಕ್ಕೆ ಆಗ ಇನ್ನೂ ಮೂರು ತಿಂಗಳಿರುತ್ತದೆ.